ಕೈ ದುಡಿಮೆಗೂ ಒಂದು ಲೆಕ್ಕ

(ಸಾಕ್ಷರತಾ ದಿನದಂದು ಕಲಿಕಾ ಕೇಂದ್ರದ ಅಕ್ಕತಂಗಿಯರ ಮುಂದೆ ಆಡಿದ ಮಾತು)

ಅವ್ವಂದಿರೇ, ಅಕ್ಕಂದಿರೇ, ತಂಗಿಯರೇ,

ಇವತ್ತು ಸೆಪ್ಟೆಂಬರ್ 8. ಸಾಕ್ಷರತಾ ದಿನ. ಲೋಕದ ಎಲ್ಲ ಕಡೆ ಈ ದಿನವನ್ನು ಆಚರಿಸಬೇಕು ಅಂತ ಯುನೆಸ್ಕೊ ಸಂಸ್ಥೆ 1966ರಲ್ಲಿ ಸಾರಿತು. ನಾವೂ ಇಲ್ಲಿ ಸೇರಿದ್ದೇವೆ. ಬಾಗಿಲಿಗೆ ತೋರಣ ಕಟ್ಟಿದ್ದೀರಿ. ಹಲಗೆ ಮೇಲೆ ನಿಮ್ಮ ಕೈಯಿಂದಲೇ ‘ಸ್ವಾಗತ’ ಅಂತ ಬರೆದಿದ್ದೀರಿ. ನೋಡಿ ಬಹಳ ಸಂತೋಷವಾಯಿತು.

2011ರ ಜನಗಣತಿಯ ಒಂದು ಲೆಕ್ಕ ಹೇಳ್ತೇವೆ. ಆಗ ನಮ್ಮ ಕರ್ನಾಟಕದಲ್ಲಿ ನೂರು ಗಂಡಸರಲ್ಲಿ 82 ಮಂದಿಗೆ ಓದು ಬರಹ ಬರುತ್ತಿತ್ತು. ನೂರು ಹೆಂಗಸರಲ್ಲಿ 68 ಮಂದಿಗೆ ಬರುತ್ತಿತ್ತು. ಉಳಿದ 32 ಮಂದಿ ಹೆಂಗಸರು ಎಲ್ಲಿದ್ದರು? ಚಿಕ್ಕವರಾಗಿದ್ದಾಗ ಶಾಲೆಗೆ ಯಾಕೆ ಹೋಗಲಿಲ್ಲ? ಸೋಮಾರಿಗಳಾಗಿ ಮನೆಯಲ್ಲಿ ಕೂತಿದ್ದರಾ?

ಇಲ್ಲ. ಒಲೆ ಮುಂದೆ ಇದ್ದರು. ಹೊಲದಲ್ಲಿ ಇದ್ದರು. ಪುಟ್ಟ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದರು. ಅಂದರೆ ದುಡಿಯುತ್ತಿದ್ದರು. ಆ ದುಡಿಮೆಯನ್ನು ಯಾರೂ ಎಲ್ಲೂ ಬರೆದಿಡಲಿಲ್ಲ.

ಇವತ್ತು ನಮ್ಮ ಮಾತು ಅದರ ಬಗ್ಗೆಯೇ. ಹೆಂಗಸಿನ ಕೈ ದುಡಿಮೆಯನ್ನು ಬರೆದಿಡಬೇಕು. ಬರೆದರೆ ಏನಾಗುತ್ತೆ? ಬರೆಯದಿದ್ದರೆ ಯಾರಿಗೆ ನಷ್ಟ? ಇದನ್ನು ಸ್ವಲ್ಪ ನೋಡೋಣ.

ನಮ್ಮ ದಿನ ಹೇಗೆ?

ನೀವು ನಮ್ಮನ್ನು ‘ಟೀಚರಮ್ಮ’ ಅಂತ ಕರೀತೀರಿ. ಆದರೆ ನಾವು ಖಾಯಂ ಟೀಚರ್ ಅಲ್ಲ. ಶಿಕ್ಷಕರ ತರಬೇತಿ ಮುಗಿಸಿದ್ದೇವೆ. ಪ್ರಮಾಣಪತ್ರ ಇದೆ. ಸದ್ಯಕ್ಕೆ ಅತಿಥಿ ಶಿಕ್ಷಕಿ.

ಅತಿಥಿ ಶಿಕ್ಷಕಿ ಅಂದರೆ ಯಾರು? ಶಾಲೆಯಲ್ಲಿ ಒಂದು ಜಾಗ ಖಾಲಿ ಇರುತ್ತೆ. ಅಲ್ಲಿದ್ದ ಟೀಚರ್ ವರ್ಗವಾಗಿ ಹೋಗಿರುತ್ತಾರೆ. ಇಲ್ಲವೇ ನಿವೃತ್ತಿ ಆಗಿರುತ್ತಾರೆ. ಮಕ್ಕಳ ಪಾಠ ನಿಲ್ಲಬಾರದು. ಅದಕ್ಕೆ ಆ ವರ್ಷದ ಮಟ್ಟಿಗೆ ನಮ್ಮಂಥವರನ್ನು ತಗೋತಾರೆ. ಖಾಯಂ ಟೀಚರ್ ಬಂದರೆ ನಾವು ಜಾಗ ಬಿಡಬೇಕು. ಅತಿಥಿ ಅಂದ ಮೇಲೆ ಒಂದು ದಿನ ಎದ್ದು ಹೋಗಲೇಬೇಕಲ್ಲ!

ನಮಗೆ ಬರುವುದು ಸಂಬಳ ಅಲ್ಲ. ಗೌರವಧನ. ಕೆಲವು ಸಲ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತೆ. ಬೇಸಿಗೆ ರಜೆಗೆ ಅದೂ ಇಲ್ಲ. ಆದರೆ ಮನೆಗೆ ಹಾಲು ದಿನಾ ಬೇಕು. ಅಂಗಡಿಯವರು ತಿಂಗಳಾದ ಮೇಲೆ ಕಾಯೋದಿಲ್ಲ.

ಬೆಳಗ್ಗೆ ಐದಕ್ಕೆ ಏಳ್ತೇವೆ. ನೀರು ಹಿಡೀಬೇಕು. ಅಂಗಳ ಗುಡಿಸಬೇಕು. ಸಾರಿಗೆ ಬೇಳೆ ಇಡಬೇಕು. ಮಕ್ಕಳನ್ನು ಎಬ್ಬಿಸಬೇಕು. ಎಬ್ಬಿಸೋದೇ ದೊಡ್ಡ ಕೆಲಸ. ಒಂಬತ್ತರ ಹೊತ್ತಿಗೆ ಬಸ್ಸು ಹಿಡೀತೇವೆ. ಸರ್ಕಾರಿ ಬಸ್ಸು. 2023ರ ಜೂನ್ 11ರಿಂದ ಅದರಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಷ್ಟು ಉಳಿಯಿತು. ಹತ್ತಕ್ಕೆ ಶಾಲೆ. ಸಂಜೆ ಬಂದು ಮತ್ತೆ ಒಲೆ. ಎಂಟು ಗಂಟೆಗೆ ಇಲ್ಲಿ, ನಿಮ್ಮ ಹತ್ತಿರ.

ಇದರಲ್ಲಿ ಹೊಸದೇನಿದೆ ಅಂತ ನೀವು ಕೇಳಬಹುದು. ನಿಜ, ಹೊಸದೇನಿಲ್ಲ. ನಿಮ್ಮ ದಿನವೂ ಹೀಗೇ. ನಮಗೆ ಶಾಲೆ, ನಿಮಗೆ ಹೊಲ, ಕೂಲಿ, ದನಕರು, ಬೀಡಿ, ಗಾರ್ಮೆಂಟ್ಸ್. ಒಲೆ ಮಾತ್ರ ಎಲ್ಲರಿಗೂ ಒಂದೇ.

ಅಡುಗೆಮನೆಯ ವರ್ಷ

ನಮ್ಮದು ತುಮಕೂರು ಜಿಲ್ಲೆ. ತೆಂಗು, ರಾಗಿ, ಹುಣಸೆ ಇರುವ ಸೀಮೆ. ಬಿಸಿಲಿಗೆ ಕೊರತೆ ಇಲ್ಲ. ನಮ್ಮ ಅಡುಗೆಮನೆಗೆ ಬಿಸಿಲೇ ದೊಡ್ಡ ಬಂಡವಾಳ.

ಸಂಕ್ರಾಂತಿಗೆ ಎಳ್ಳು ಬೆಲ್ಲ. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೀಬೇಕು. ಹುರಿಗಡಲೆ, ಎಳ್ಳು ಸೇರಿಸಬೇಕು. ಶಿವರಾತ್ರಿ ಆದ ಮೇಲೆ ಬಿಸಿಲು ಬಲಿಯುತ್ತೆ. ಆಗ ಹಪ್ಪಳ, ಸಂಡಿಗೆ. ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ, ಅಕ್ಕಿ ಹಿಟ್ಟಿನ ಸಂಡಿಗೆ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಯುಗಾದಿ ಕಳೆದ ಮೇಲೆ ಮಾವಿನಕಾಯಿ. ಮೇ ತಿಂಗಳಲ್ಲಿ ಖಾರದ ಪುಡಿ, ಸಾರಿನ ಪುಡಿ. ಮಳೆಗಾಲಕ್ಕೆ ಬಿಸಿಲು ಬೇಡದ ಕೆಲಸ. ಚಟ್ನಿ ಪುಡಿ, ಹುರಿಹಿಟ್ಟು.

ಮೊದಲು ಇದೆಲ್ಲ ಮನೆಗೆ ಮಾತ್ರ ಆಗ್ತಿತ್ತು. ಮಗಳ ಮನೆಗೆ ಒಂದು ಡಬ್ಬಿ, ನೆಂಟರಿಗೆ ಒಂದು ಡಬ್ಬಿ. ಈಗ ಹೆಚ್ಚಾಗಿ ಮಾಡಿ ಮಾರುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಗೌರವಧನ ಇಲ್ಲ ಅಂದೆವಲ್ಲ? ಆಗ ಈ ಹಪ್ಪಳದ ದುಡ್ಡೇ ಹಾಲಿಗೆ, ತರಕಾರಿಗೆ. ಜೂನ್ ತಿಂಗಳಿಗೆ ಮಕ್ಕಳ ನೋಟ್‌ಬುಕ್ಕಿಗೂ ಅದೇ.

ಅತ್ತೆಯ ಅಂದಾಜು, ಮಗಳ ಅಕ್ಷರ

ನಮ್ಮ ಅತ್ತೆಯವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಆದರೆ ಉಪ್ಪಿನಕಾಯಿ ಹಾಕಿದರೆ ಎರಡು ವರ್ಷ ಕೆಡೋದಿಲ್ಲ. ಅವರ ಅಳತೆ ಎಲ್ಲ ಕೈಯಲ್ಲಿ, ಕಣ್ಣಲ್ಲಿ. ‘ಒಂದು ಹಿಡಿ’, ‘ಇಷ್ಟೇ ಇಷ್ಟು’, ‘ನೋಡಿಕೊಂಡು ಹಾಕು’.

ಇದನ್ನು ನಾವು ಬರೆದಿಡುತ್ತಾ ಬಂದಿದ್ದೇವೆ. ಅತ್ತೆ ಹೇಳ್ತಾರೆ. ನಮ್ಮ ಮಗಳು ಬರೀತಾಳೆ. ಹಿಡಿಯಲ್ಲಿ ತೆಗೆದ ಉಪ್ಪನ್ನು ತಕ್ಕಡಿಗೆ ಹಾಕಿ ತೂಗ್ತೇವೆ. ನಾಲ್ಕು ಸೇರು ಮಾವಿನ ಹೋಳಿಗೆ ಒಂದು ಸೇರು ಉಪ್ಪು. ಇದು ನಮ್ಮ ಮನೆ ಅಳತೆ.

ಉಪ್ಪು ಯಾಕೆ ಅಷ್ಟು? ಉಪ್ಪು ಹೋಳಿನ ನೀರನ್ನು ಎಳೆದು ಹೊರಗೆ ಹಾಕುತ್ತೆ. ಉಪ್ಪು ಹೆಚ್ಚಿದ್ದರೆ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಒದ್ದೆ ಸೌಟು ಹಾಕಿದರೆ ಏನಾಗುತ್ತೆ? ಮೇಲೆ ನೀರು ಸೇರುತ್ತೆ. ಅಲ್ಲಿ ಉಪ್ಪು ತೆಳ್ಳಗಾಗುತ್ತೆ. ಬೂಷ್ಟು ಹಿಡಿಯುತ್ತೆ. ಹಪ್ಪಳಕ್ಕೂ ಅದೇ ಮಾತು. ಒಳಗೆ ಪಸೆ ಉಳಿದರೆ ಬೂಷ್ಟು. ಮುರಿದರೆ ಪಟ್ ಅಂತ ಸದ್ದು ಬರಬೇಕು. ಆಗ ಒಣಗಿದೆ ಅಂತ ಲೆಕ್ಕ.

ಅತ್ತೆಯವರಿಗೆ ಇದೆಲ್ಲ ಗೊತ್ತಿತ್ತು. ಅವರ ತಾಯಿಗೂ ಗೊತ್ತಿತ್ತು. ಬರೆದಿಟ್ಟಿದ್ದರಿಂದ ಮುಂದಿನವರಿಗೂ ಉಳಿಯಿತು. ಬರಹದ ಒಂದು ಲಾಭ ಇದು. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಅದನ್ನು ಈಗ ಹೇಳ್ತೇವೆ.

ಒಬ್ಬ ಅಕ್ಕನ ಲೆಕ್ಕ

ನಮ್ಮ ಕೇಂದ್ರದಲ್ಲೇ ಕಲಿತ ಒಬ್ಬ ಅಕ್ಕ ಇದ್ದಾರೆ. ಈಗಲೂ ಇಲ್ಲೇ ಕೂತಿದ್ದಾರೆ. ‘ಹೇಳಿ ಟೀಚರಮ್ಮ, ಹೆಸರು ಮಾತ್ರ ಬೇಡ’ ಅಂದಿದ್ದಾರೆ. ಅದಕ್ಕೆ ಹೆಸರು ಹೇಳೋದಿಲ್ಲ. ನೀವೂ ಹುಡುಕಬೇಡಿ.

ಈ ಅಕ್ಕ ಉದ್ದಿನ ಹಪ್ಪಳ ಮಾಡ್ತಾರೆ. ಪೇಟೆಯ ಒಂದು ಅಂಗಡಿಗೆ ಕೊಡ್ತಾರೆ. ಮೂರು ವರ್ಷದಿಂದ ಕೊಡ್ತಾ ಇದ್ದಾರೆ. ಕೂಡೋದು, ಕಳೆಯೋದು ಕಲಿತ ಮೇಲೆ ಅವರು ಒಂದು ನೋಟ್‌ಬುಕ್ ಇಟ್ಟರು. ಹೋದ ಫೆಬ್ರವರಿಯಲ್ಲಿ ಒಂದು ಸಲದ ಹಪ್ಪಳಕ್ಕೆ ಅವರು ಬರೆದ ಲೆಕ್ಕ ಹೀಗಿತ್ತು.

ಉದ್ದಿನ ಹಿಟ್ಟು 2 ಕೆ.ಜಿ. – 320 ರೂಪಾಯಿ
ಮೆಣಸು, ಇಂಗು, ಉಪ್ಪು, ಹಪ್ಪಳದ ಖಾರ – 70 ರೂಪಾಯಿ
ಎಣ್ಣೆ – 30 ರೂಪಾಯಿ
ಕವರು – 20 ರೂಪಾಯಿ
ಒಟ್ಟು ಖರ್ಚು – 440 ರೂಪಾಯಿ

ಒಣಗಿದ ಮೇಲೆ 2 ಕೆ.ಜಿ. ಹಪ್ಪಳ ಆಯಿತು. ಅಂಗಡಿಯವರು ಕೆ.ಜಿ.ಗೆ 270 ರೂಪಾಯಿ ಕೊಟ್ಟರು. ಎರಡು ಕೆ.ಜಿ.ಗೆ 540 ರೂಪಾಯಿ. 540ರಲ್ಲಿ 440 ಕಳೆದರೆ 100.

ಅಕ್ಕ ಪುಸ್ತಕ ತಂದು ತೋರಿಸಿದರು. ‘ನೂರು ರೂಪಾಯಿ ಲಾಭ’ ಅಂದರು. ಲೆಕ್ಕ ಸರಿಯಾಗಿತ್ತು. ಒಂದು ಅಂಕಿಯೂ ತಪ್ಪಿರಲಿಲ್ಲ. ಆಗ ನಾವು ಒಂದು ಪ್ರಶ್ನೆ ಕೇಳಿದೆವು.

‘ಅಕ್ಕಾ, ಎಷ್ಟು ಗಂಟೆ ಹಿಡೀತು?’

ಅಕ್ಕ ಬೆರಳು ಮಡಿಸಿ ಎಣಿಸಿದರು. ಹಿಟ್ಟು ಕಲಸಿ ಕುಟ್ಟೋಕೆ ಒಂದು ಗಂಟೆ. ಉಂಡೆ ಮಾಡಿ ಲಟ್ಟಿಸೋಕೆ ಮೂರು ಗಂಟೆ. ಒಣಗಿಸಿ, ತಿರುವಿ, ಕವರಿಗೆ ತುಂಬೋಕೆ ಇನ್ನೊಂದು ಗಂಟೆ. ಒಟ್ಟು 5 ಗಂಟೆ.

‘ಒಬ್ಬರೇ ಲಟ್ಟಿಸಿದಿರಾ?’

‘ಇಲ್ಲ, ಮಗಳು ಜೊತೆಗಿದ್ದಳು.’

‘ಅವಳದು ಎಷ್ಟು ಗಂಟೆ?’

‘ಮೂರು.’

‘ಅದನ್ನೂ ಬರೀರಿ ಅಕ್ಕಾ.’

ಅಕ್ಕ ಬರೆದರು. ‘ನಾನು – 5 ಗಂಟೆ. ಮಗಳು – 3 ಗಂಟೆ. ಒಟ್ಟು 8 ಗಂಟೆ.’

ಈಗ ನೂರು ರೂಪಾಯಿಯನ್ನು ಎಂಟರಿಂದ ಭಾಗಿಸಿ. ಎಷ್ಟು ಬಂತು? ಹನ್ನೆರಡೂವರೆ ರೂಪಾಯಿ. ಒಂದು ಗಂಟೆ ಬೆನ್ನು ಬಗ್ಗಿಸಿ ಲಟ್ಟಿಸಿದ್ದಕ್ಕೆ ಹನ್ನೆರಡೂವರೆ ರೂಪಾಯಿ. ಒಂದು ಲೋಟ ಟೀ ಬೆಲೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಹಾಗಾದರೆ ಇದು ಲಾಭ ಅಲ್ಲ ಟೀಚರಮ್ಮ. ಇದು ನಮ್ಮ ಕೂಲಿ. ಅದೂ ಅರ್ಧ ಕೂಲಿಯೂ ಅಲ್ಲ.’

ಸರಿಯಾಗಿ ಹೇಳಿದರು. ಹಿಟ್ಟಿಗೆ ಬೆಲೆ ಇದೆ. ಇಂಗಿಗೆ ಬೆಲೆ ಇದೆ. ಪ್ಲಾಸ್ಟಿಕ್ ಕವರಿಗೂ ಬೆಲೆ ಇದೆ. ಕೈಗೆ ಮಾತ್ರ ಬೆಲೆ ಬರೆದಿರಲಿಲ್ಲ. ಬಹಳ ಮನೆಗಳ ಲೆಕ್ಕ ಹೀಗೇ ಇರುತ್ತೆ. ‘ಮನೇಲೇ ಇರ್ತಾಳಲ್ಲ, ಮಾಡ್ತಾಳೆ’ ಅಂತಾರೆ.

ಎರಡು ಪುಸ್ತಕ, ಒಬ್ಬಳೇ ಹುಡುಗಿ

ಈಗ ಇನ್ನೊಂದು ಪುಸ್ತಕದ ಮಾತು. ಅದು ನಮ್ಮ ಶಾಲೆಯ ಹಾಜರಿ ಪುಸ್ತಕ.

ಆ ಅಕ್ಕನ ಮಗಳು ನಾವು ಪಾಠ ಮಾಡುವ ಏಳನೇ ತರಗತಿಯಲ್ಲಿ ಓದ್ತಾ ಇದ್ದಳು. ಚುರುಕು ಹುಡುಗಿ. ಗಣಿತ ಚೆನ್ನಾಗಿ ಬರುತ್ತೆ. ಫೆಬ್ರವರಿಯಲ್ಲಿ ಅವಳ ಹೆಸರಿನ ಮುಂದೆ 9 ದಿನ ಗೈರುಹಾಜರಿ ಇತ್ತು. ಕೇಳಿದರೆ ‘ಹೊಟ್ಟೆನೋವು ಮಿಸ್’ ಅನ್ನೋಳು. ಮಕ್ಕಳಿಗೆ ಮನೆ ಮರ್ಯಾದೆ ಕಾಯೋದು ಯಾರೂ ಹೇಳಿಕೊಡಬೇಕಿಲ್ಲ.

ಅಕ್ಕನ ನೋಟ್‌ಬುಕ್ಕಿನಲ್ಲಿ ಫೆಬ್ರವರಿ ತಿಂಗಳಲ್ಲಿ ಎಷ್ಟು ಸಲ ಹಪ್ಪಳ ಮಾಡಿದ್ದರು? ತಾರೀಖು ಸಮೇತ ಬರೆದಿದ್ದರು. 9 ಸಲ.

ಒಂಬತ್ತು ತಾರೀಖು ಅಲ್ಲಿ. ಅದೇ ಒಂಬತ್ತು ತಾರೀಖು ಇಲ್ಲಿ.

‘ಮೂರೇ ಗಂಟೆ ಕೆಲಸ ಅಲ್ವಾ?’ ಅಂತ ಯಾರಾದರೂ ಕೇಳಬಹುದು. ಮೂರೇ ಗಂಟೆ, ನಿಜ. ಆದರೆ ಯಾವ ಮೂರು ಗಂಟೆ? ಬೆಳಗ್ಗೆ ಒಂಬತ್ತರಿಂದ ಹನ್ನೆರಡು. ಕುಟ್ಟಿದ ಹಿಟ್ಟು ಕಾಯೋದಿಲ್ಲ. ಬಿಟ್ಟರೆ ಗಟ್ಟಿಯಾಗುತ್ತೆ. ಬಿಸಿಲು ಇರುವಾಗಲೇ ಹರವಬೇಕು. ಹನ್ನೆರಡಕ್ಕೆ ಕೈ ತೊಳೆದು ಶಾಲೆಗೆ ಹೋಗೋಕಾಗುತ್ತಾ? ಹೋಗೋದಿಲ್ಲ. ಆ ದಿನ ಹೋಯಿತು.

ಒಂಬತ್ತು ಸಲಕ್ಕೆ ಸಿಕ್ಕಿದ್ದು 900 ರೂಪಾಯಿ. ಒಂಬತ್ತು ದಿನದ ಶಾಲೆ ಹೋಯಿತು.

ಮೊದಲೇ ಹೇಳ್ತೇವೆ. ಆ ಅಕ್ಕ ಮಗಳನ್ನು ಶಾಲೆ ಬಿಡಿಸಬೇಕು ಅಂತ ಎಂದೂ ಅಂದುಕೊಂಡವರಲ್ಲ. ಮಗಳು ಓದಲಿ ಅಂತಲೇ ಹಪ್ಪಳ ಮಾಡ್ತಾ ಇದ್ದರು. ಅವರ ಮನೆಯಲ್ಲಿ ಬೇರೆ ಕೈ ಇರಲಿಲ್ಲ. ಕೂಲಿ ಕೊಟ್ಟು ಕರೆಯೋಣ ಅಂದರೆ ಹಪ್ಪಳದಲ್ಲಿ ಕೂಲಿಯೇ ಹುಟ್ಟುತ್ತಿರಲಿಲ್ಲ. ಆಗ ಬಿಟ್ಟಿ ಕೈ ಯಾರದು? ಮಗಳದು.

ಇಲ್ಲಿ ಗಮನ ಇಡಿ ತಾಯಂದಿರೇ. ನಮ್ಮ ದುಡಿಮೆಗೆ ನಾವು ಬೆಲೆ ಕಟ್ಟದಿದ್ದರೆ ನಷ್ಟ ನಮಗೆ ಮಾತ್ರ ಅಲ್ಲ. ಅದು ಕೆಳಗೆ ಇಳಿದು ಮಗಳ ಮೇಲೆ ಬೀಳುತ್ತೆ. ಮಗನ ಮೇಲೆ ಅಷ್ಟಾಗಿ ಬೀಳೋದಿಲ್ಲ. ‘ಅವನು ಗಂಡು ಹುಡುಗ, ಲಟ್ಟಿಸೋಕೆ ಬರುತ್ತಾ?’ ಅಂತೇವೆ. ಮಗಳಿಗೂ ಹುಟ್ಟುತ್ತಲೇ ಬಂದಿರಲಿಲ್ಲ. ಕಲಿಸಿದೆವು, ಕಲಿತಳು.

ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕಿದೆ. ಇದಕ್ಕೆ 2009ರಲ್ಲಿ ಕಾಯ್ದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಾಯ್ದೆ ಶಾಲೆಯ ಬಾಗಿಲು ತೆರೆದಿಟ್ಟಿದೆ. ಬೆಳಗ್ಗೆ ಒಂಬತ್ತಕ್ಕೆ ಮಗಳ ಕೈಯಲ್ಲಿ ಲಟ್ಟಣಿಗೆ ಇರಬೇಕೋ ಪುಸ್ತಕ ಇರಬೇಕೋ ಅನ್ನೋದು ಮನೆಯಲ್ಲೇ ತೀರ್ಮಾನ ಆಗುತ್ತೆ.

ಬೆಲೆ ಕೇಳಿದ್ದು

ಆ ಅಕ್ಕ ಮುಂದೆ ಏನು ಮಾಡಿದರು?

ಮೊದಲು ಕೂಲಿ ಬರೆದರು. ಗಂಟೆಗೆ 40 ರೂಪಾಯಿ ಅಂತ ಇಟ್ಟುಕೊಂಡರು. 8 ಗಂಟೆಗೆ 320 ರೂಪಾಯಿ. ಸಾಮಾನಿನ ಖರ್ಚು 440. ಎರಡೂ ಕೂಡಿದರೆ 760. ಇದು 2 ಕೆ.ಜಿ.ಯ ನಿಜವಾದ ಬೆಲೆ. ಅಂದರೆ ಕೆ.ಜಿ.ಗೆ 380 ರೂಪಾಯಿ. ಅಂಗಡಿಯವರು ಕೊಡುತ್ತಿದ್ದದ್ದು 270.

ಪುಸ್ತಕ ಹಿಡಿದು ಅಂಗಡಿಗೆ ಹೋದರು. ‘ಅಣ್ಣಾ, ನೋಡಿ, ಇಷ್ಟು ಬೀಳುತ್ತೆ’ ಅಂತ ತೋರಿಸಿದರು. ಅಂಗಡಿಯವರು ಮೊದಲು ನಕ್ಕರು. ‘ಏನಮ್ಮಾ, ಲೆಕ್ಕಪತ್ರ ಎಲ್ಲ ಜೋರಾಗಿದೆ’ ಅಂದರು. ಆಮೇಲೆ ಪುಸ್ತಕ ನೋಡಿದರು. 310 ಮಾಡಿದರು. ಅದಕ್ಕಿಂತ ಮೇಲೆ ಬರಲಿಲ್ಲ.

ಅಕ್ಕ ಅರ್ಧ ಹಪ್ಪಳ ಅಂಗಡಿಗೆ ಕೊಟ್ಟರು. ಉಳಿದ ಅರ್ಧವನ್ನು ಮನೆಮನೆಗೆ ಮಾರಿದರು. ಸಂತೆ ದಿನ ಸಂತೆಯಲ್ಲಿ ಕೂತರು. ನಮ್ಮ ಶಾಲೆಯ ಟೀಚರುಗಳೂ ತಗೊಂಡರು. ಅಲ್ಲಿ ಕೆ.ಜಿ.ಗೆ 380 ಸಿಕ್ಕಿತು.

ಮಗಳ ಬದಲಿಗೆ ಪಕ್ಕದ ಮನೆಯ ಚಿಕ್ಕಮ್ಮನನ್ನು ಕರೆದರು. ಅವರಿಗೂ ಕೆಲಸ ಬೇಕಿತ್ತು. 3 ಗಂಟೆಗೆ 120 ರೂಪಾಯಿ ಕೂಲಿ. ಈಗ ಲೆಕ್ಕ ನೋಡಿ.

ಅಂಗಡಿಗೆ 1 ಕೆ.ಜಿ. – 310 ರೂಪಾಯಿ
ಮನೆಮನೆಗೆ 1 ಕೆ.ಜಿ. – 380 ರೂಪಾಯಿ
ಒಟ್ಟು ಬಂದದ್ದು – 690 ರೂಪಾಯಿ
ಸಾಮಾನಿನ ಖರ್ಚು – 440 ರೂಪಾಯಿ
ಚಿಕ್ಕಮ್ಮನ ಕೂಲಿ – 120 ರೂಪಾಯಿ
ಉಳಿದದ್ದು – 130 ರೂಪಾಯಿ

ಅಕ್ಕನ 5 ಗಂಟೆಗೆ 130 ರೂಪಾಯಿ. ಗಂಟೆಗೆ 26. ಅವರು ಬರೆದುಕೊಂಡ 40 ಇನ್ನೂ ಆಗಿಲ್ಲ. ಸಂತೆಯಲ್ಲಿ ಕೂತ ಹೊತ್ತನ್ನು ಸೇರಿಸಿದರೆ ಇನ್ನೂ ಕಡಿಮೆ. ಎಲ್ಲ ಸರಿಹೋಯಿತು ಅಂತ ನಾವು ಹೇಳೋದಿಲ್ಲ. ಆದರೆ ಹನ್ನೆರಡೂವರೆಯಿಂದ ಮೇಲೆ ಬಂದರು. ಜೊತೆಗೆ ಇನ್ನೊಬ್ಬ ಹೆಂಗಸಿಗೆ ಕೂಲಿ ಹುಟ್ಟಿತು.

ಮಾರ್ಚ್ ತಿಂಗಳ ಹಾಜರಿ ಪುಸ್ತಕದಲ್ಲಿ ಆ ಹುಡುಗಿಗೆ ಒಂದು ದಿನವೂ ಗೈರು ಇಲ್ಲ. ಪರೀಕ್ಷೆ ಬರೆದಳು. ಈಗ ಎಂಟನೇ ತರಗತಿ. ರಜೆ ದಿನ, ಸಂಜೆ ಹೊತ್ತು ಅವ್ವನಿಗೆ ಸಹಾಯ ಮಾಡ್ತಾಳೆ. ಮಾಡಲಿ. ಮನೆ ಕೆಲಸ ಕಲಿಯೋದು ಕೆಟ್ಟದ್ದಲ್ಲ. ಶಾಲೆ ಹೊತ್ತು ಮಾತ್ರ ಶಾಲೆಗೆ.

ಏಳು ಮಂದಿ ಹೆಂಗಸರು

‘ಇದೆಲ್ಲ ಒಬ್ಬರಿಂದ ಆಗುತ್ತಾ?’ ಅಂತ ನೀವು ಕೇಳಬಹುದು. ಒಬ್ಬರಿಂದ ಕಷ್ಟ. ನಾಲ್ಕು ಜನ ಸೇರಿದರೆ ಸುಲಭ.

ಮುಂಬಯಿಯ ಗಿರಗಾಂವ್ ಅನ್ನುವ ಕಡೆ 1959ರ ಮಾರ್ಚ್ 15ರಂದು ಏಳು ಮಂದಿ ಹೆಂಗಸರು ಮನೆ ಮಾಳಿಗೆ ಮೇಲೆ ಸೇರಿದರು. 80 ರೂಪಾಯಿ ಸಾಲ ತಂದಿದ್ದರು. ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಪ್ಯಾಕೆಟ್. ಅದೇ ಮುಂದೆ ‘ಲಿಜ್ಜತ್ ಪಾಪಡ್’ ಆಯಿತು. ಇವತ್ತು ಸಾವಿರಾರು ಹೆಂಗಸರು ಅದರಲ್ಲಿ ಇದ್ದಾರೆ. ಮೊದಲ ಏಳು ಮಂದಿಯಲ್ಲಿ ಒಬ್ಬರು ಜಸ್ವಂತಿಬೆನ್ ಪೋಪಟ್. ಅವರಿಗೆ 2021ರಲ್ಲಿ ಪದ್ಮಶ್ರೀ ಕೊಟ್ಟರು.

ಅಲ್ಲಿ ಹೇಗೆ ನಡೆಯುತ್ತೆ? ಕಲಸಿದ ಹಿಟ್ಟನ್ನು ಹೆಂಗಸರು ಮನೆಗೆ ಒಯ್ಯುತ್ತಾರೆ. ಲಟ್ಟಿಸಿ, ಒಣಗಿಸಿ ವಾಪಸು ತರುತ್ತಾರೆ. ತೂಗಿ ನೋಡಿ, ಲಟ್ಟಿಸಿದ್ದಕ್ಕೆ ಕೂಲಿ ಕೊಡುತ್ತಾರೆ. ಲಾಭದಲ್ಲೂ ಪಾಲಿದೆ. ಕೂಲಿ ಬೇರೆ, ಲಾಭ ಬೇರೆ. ಇದನ್ನು ನಾವು ಕಲಿಯಬೇಕು.

ನಮ್ಮಲ್ಲೂ ಸ್ತ್ರೀಶಕ್ತಿ ಸಂಘಗಳಿವೆ. ವಾರವಾರ ಉಳಿತಾಯ ಮಾಡ್ತೀರಿ. ಸಾಲ ತಗೋತೀರಿ. ಜೊತೆಗೆ ಉದ್ದಿನ ಬೇಳೆಯನ್ನು ಒಟ್ಟಿಗೆ ತರಬಹುದಲ್ಲ? ಐದು ಕೆ.ಜಿ. ತಂದರೆ ಒಂದು ಬೆಲೆ, ಐವತ್ತು ಕೆ.ಜಿ. ತಂದರೆ ಇನ್ನೊಂದು ಬೆಲೆ. ಅಂಗಡಿಗೆ ಒಬ್ಬರು ಹೋಗುವ ಬದಲು ನಾಲ್ಕು ಮಂದಿ ಹೋಗಿ. ಮಾತಿಗೆ ತೂಕ ಬರುತ್ತೆ.

ಮಾರುವವರಿಗೆ ಇನ್ನೊಂದು ಮಾತು. ಮನೆಯಲ್ಲಿ ಮಾಡಿ ಮಾರಿದರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. ಇದಕ್ಕೆ 2006ರ ಕಾಯ್ದೆ ಇದೆ. ನೋಂದಣಿ ಆದರೆ 14 ಅಂಕಿಯ ಒಂದು ಸಂಖ್ಯೆ ಕೊಡ್ತಾರೆ. ಕವರಿನ ಮೇಲೆ ಆ ಸಂಖ್ಯೆ ಇರಬೇಕು. ಪದಾರ್ಥದ ಹೆಸರು, ಏನೇನು ಹಾಕಿದೆ, ತೂಕ, ಮಾಡಿದ ತಾರೀಖು, ಎಲ್ಲಿಯವರೆಗೆ ತಿನ್ನಬಹುದು, ಮಾಡಿದವರ ಹೆಸರು, ವಿಳಾಸ. ಇಷ್ಟೂ ಬರೆಯಬೇಕು. ಸಸ್ಯಾಹಾರ ಅಂತ ತಿಳಿಸೋಕೆ ಹಸಿರು ಗುರುತು ಹಾಕಬೇಕು. ಅಂಗಡಿಯಿಂದ ತಂದ ಕವರುಗಳನ್ನೂ ಹೀಗೇ ಓದಿ ನೋಡಿ. ಓದು ಕಲಿತದ್ದು ಇಂಥ ಕೆಲಸಕ್ಕೇ.

ಮನೆಯವರ ಪಾಲು

ಸರ್ಕಾರ 2019ರಲ್ಲಿ ಒಂದು ಸಮೀಕ್ಷೆ ಮಾಡಿತು. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಕೇಳಿತು. ಅಡುಗೆ, ಪಾತ್ರೆ, ಬಟ್ಟೆ, ನೀರು ಇಂಥ ಸಂಬಳವಿಲ್ಲದ ಮನೆಗೆಲಸ ಆಗ ಯಾರು ಮಾಡ್ತಿದ್ದರು? ನೂರು ಹೆಂಗಸರಲ್ಲಿ 81 ಮಂದಿ. ನೂರು ಗಂಡಸರಲ್ಲಿ 26 ಮಂದಿ. ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಮಾಡ್ತಿದ್ದರು. ಮಾಡುವ ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಹೆಚ್ಚು ಕಡಿಮೆ ಐದು ಗಂಟೆ.

ಇದು ದೇಶದ ಲೆಕ್ಕ. ಮನೆಯ ಲೆಕ್ಕ ಮನೆಯವರೇ ಬರೆಯಬೇಕು. ನಮ್ಮ ಮನೆಯಲ್ಲಿ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಸೋಮವಾರದಿಂದ ಭಾನುವಾರದವರೆಗೆ ಕೆಲಸ ಬರೆದಿದ್ದೇವೆ. ನೀರು ಹಿಡಿಯೋದು, ಪಾತ್ರೆ, ಹಿಟ್ಟಿನ ಗಿರಣಿ, ಹಪ್ಪಳಕ್ಕೆ ಬಿಸಿಲು ಹಾಕೋದು. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು. ಮನೆಯವರ ಹೆಸರೂ ಇದೆ. ಮಗನ ಹೆಸರೂ ಇದೆ. ಮಗ ಭಾನುವಾರ ಕವರಿಗೆ ತುಂಬಿ ತೂಗ್ತಾನೆ. ಒಂದು ಗ್ರಾಮ್ ಹೆಚ್ಚು ಕಡಿಮೆ ಆಗಲು ಬಿಡೋದಿಲ್ಲ. ಅಪ್ಪ ಮೈದಾನ ಕಂಡರೆ ಮರೆಯುವ ಜಾತಿ. ಅವರ ಹೆಸರನ್ನು ಮಗಳು ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ.

ಮೊದಮೊದಲು ಅತ್ತೆಯವರು ಗೊಣಗಿದರು. ‘ಗಂಡಸರ ಕೈಲಿ ಪಾತ್ರೆ ಮುಟ್ಟಿಸ್ತೀಯಾ?’ ಅಂದರು. ಹಾಳೆ ಹಚ್ಚಿ ಒಂದು ತಿಂಗಳಾದ ಮೇಲೆ ಅವರೇ ಒಂದು ದಿನ ಕೇಳಿದರು: ‘ಇದರಲ್ಲಿ ನನ್ನ ಹೆಸರು ಎಲ್ಲಿದೆ? ಬೆರಳಿಟ್ಟು ತೋರಿಸು.’ ತೋರಿಸಿದೆವು. ನಾಲ್ಕು ಕಡೆ ಇತ್ತು. ಅಷ್ಟು ವರ್ಷ ದುಡಿದ ಕೈ ಅದು. ತನ್ನ ಹೆಸರನ್ನು ಮುಟ್ಟಿ ಮುಟ್ಟಿ ನೋಡಿತು. ಈಗ ಅವರೂ ಅಕ್ಷರ ಕಲೀತಾ ಇದ್ದಾರೆ.

ಇವತ್ತೇ ಶುರು ಮಾಡಿ

ಅಕ್ಕಂದಿರೇ, ದೊಡ್ಡ ಪುಸ್ತಕ ಬೇಡ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಹಪ್ಪಳವೇ ಆಗಬೇಕು ಅಂತಿಲ್ಲ. ಹಾಲು ಮಾರುವವರು ಹಾಲಿಗೆ ಬರೆಯಿರಿ. ಹೂ ಕಟ್ಟುವವರು ಹೂವಿಗೆ ಬರೆಯಿರಿ. ಹುಣಸೆಹಣ್ಣು ಬಿಡಿಸುವವರು ಅದಕ್ಕೆ ಬರೆಯಿರಿ.

ಒಂದು ಹಾಳೆಯಲ್ಲಿ ಐದು ಗೆರೆ ಎಳೆಯಿರಿ. ಮೊದಲು ತಾರೀಖು. ಎರಡನೆಯದು ಸಾಮಾನಿನ ಖರ್ಚು. ಮೂರನೆಯದು ಯಾರು ದುಡಿದರು, ಅವರ ಹೆಸರು. ನಾಲ್ಕನೆಯದು ಎಷ್ಟು ಗಂಟೆ. ಐದನೆಯದು ಬಂದ ದುಡ್ಡು.

ಮೂರನೆಯ ಕಡೆ ಮಗಳ ಹೆಸರು ಬಂದರೆ ಅವತ್ತು ಯಾವ ವಾರ ಅಂತ ನೋಡಿ. ಭಾನುವಾರ ಆದರೆ ಸರಿ. ಸೋಮವಾರ ಆದರೆ ಅವಳು ಎಲ್ಲಿ ಇರಬೇಕಿತ್ತು ಅಂತ ಯೋಚನೆ ಮಾಡಿ. ಯಾರೂ ಬಂದು ನಿಮ್ಮನ್ನು ಬೈಯೋದಿಲ್ಲ. ನಿಮ್ಮ ಪುಸ್ತಕ, ನಿಮ್ಮ ಅಕ್ಷರ, ನಿಮ್ಮ ತೀರ್ಮಾನ.

ಹನಿ ಹನಿ ಕೂಡಿದರೆ ಹಳ್ಳ ಅಂತಾರೆ ಹಿರಿಯರು. ನಮ್ಮ ದುಡಿಮೆಯೂ ಹನಿ ಹನಿಯೇ. ಅರ್ಧ ಗಂಟೆ ಇಲ್ಲಿ, ಒಂದು ಗಂಟೆ ಅಲ್ಲಿ. ಬರೆದು ಕೂಡಿದಾಗಲೇ ಅದು ಎಷ್ಟು ಅಂತ ಕಾಣುತ್ತೆ.

ಮುಂದಿನ ವಾರ ಬರುವಾಗ ಒಂದು ವಾರದ ಲೆಕ್ಕ ತನ್ನಿ. ಕೂಡೋದರಲ್ಲಿ ತಪ್ಪಾದರೂ ಚಿಂತೆ ಇಲ್ಲ. ಒಟ್ಟಿಗೆ ಕೂತು ತಿದ್ದೋಣ. ಚಾಪೆ ಹಾಕಿ, ಟೀ ಕಾಯಿಸಿ ಕಾಯ್ತಾ ಇರ್ತೇವೆ.

ಮಾತಾಡಿಕೊಳ್ಳಿ, ಬರೆಯಿರಿ

1. ನಿಮ್ಮೂರಲ್ಲಿ ಹೆಂಗಸರಿಗೆ ದಿನದ ಕೂಲಿ ಎಷ್ಟು? ಗಂಡಸರಿಗೆ ಎಷ್ಟು? ಗಂಟೆಗೆ ಎಷ್ಟು ಬೀಳುತ್ತೆ, ಲೆಕ್ಕ ಮಾಡಿ.

2. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ನೀವು ಮಾಡಿದ ಕೆಲಸಗಳನ್ನು ಬರೆಯಿರಿ. ಪ್ರತಿ ಕೆಲಸದ ಮುಂದೆ ಹಿಡಿದ ಹೊತ್ತು ಬರೆಯಿರಿ.

3. ನಿಮ್ಮ ಓಣಿಯಲ್ಲಿ ಶಾಲೆ ಹೊತ್ತಿನಲ್ಲಿ ಮನೆಯಲ್ಲಿರುವ ಹುಡುಗಿಯರು ಇದ್ದಾರಾ? ಯಾಕೆ ಇದ್ದಾರೆ? ಗುಂಪಿನಲ್ಲಿ ಮಾತಾಡಿ.

4. ಮನೆಯಲ್ಲಿರುವ ಒಂದು ತಿಂಡಿ ಕವರು ತನ್ನಿ. ಅದರ ಮೇಲಿನ ತಾರೀಖು, ತೂಕ, ಬೆಲೆ ಓದಿ ಹೇಳಿ.